ಮನೆಗೆ ಯಾವ ಇಂಟರ್ನೆಟ್ ಹಾಕಿಸೋದು? ಕಂಪನಿಗಳನ್ನು ಪೂರ್ತಿ ನಂಬದವರಿಗೆ ಒಂದು ಲೆಕ್ಕ

ಜಿಯೋ ಹಾಕಿಸಲಾ, ಏರ್‌ಟೆಲ್ಲಾ? ಬಿಎಸ್‌ಎನ್‌ಎಲ್ ಇನ್ನೂ ನಂಬಬಹುದಾ? ನಮ್ಮ ಕೇಬಲ್‌ನವರು ಕಡಿಮೆಗೆ ಕೊಡ್ತೀನಿ ಅಂತಿದ್ದಾರೆ, ತಗೊಳ್ಳಲಾ? ಏರ್‌ಫೈಬರ್ ಅಂದ್ರೆ ಫೈಬರ್ರೇ ಅಲ್ವಾ? ಮನೆ ಬದಲಿಸುವವರು, ಮನೆಯಿಂದಲೇ ಕೆಲಸ ಮಾಡುವವರು, ಊರಲ್ಲಿರುವ ಅಪ್ಪ ಅಮ್ಮನಿಗೆ ಲೈನ್ ಹಾಕಿಸಬೇಕು ಅನ್ನುವವರು ಎಲ್ಲರೂ ಕೇಳುವುದು ಇದನ್ನೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇವುಗಳಲ್ಲಿ ಯಾವ ಕಂಪನಿಯ ಮೇಲೂ ನನಗೆ ಪ್ರೀತಿ ಇಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದಾಗ ತಿಂಗಳುಗಟ್ಟಲೆ ಎಲ್ಲ ಫ್ರೀ ಇತ್ತು. ಆಗ ಹತ್ತಾರು ಮೊಬೈಲ್ ಕಂಪನಿಗಳಿದ್ದವು. ಆಮೇಲೆ ಒಂದೊಂದೇ ಮುಚ್ಚಿದವು, ಇಲ್ಲವೇ ಒಂದರಲ್ಲೊಂದು ಸೇರಿಹೋದವು. ಈಗ ಉಳಿದಿರುವುದು ಖಾಸಗಿಯವು ಮೂರು, ಸರ್ಕಾರದ್ದು ಅಂತ ಬಿಎಸ್‌ಎನ್‌ಎಲ್. ಖಾಸಗಿಯವರು 2019ರ ಡಿಸೆಂಬರ್‌ನಲ್ಲಿ ದರ ಏರಿಸಿದರು, 2021ರ ಕೊನೆಗೆ ಏರಿಸಿದರು, 2024ರ ಜುಲೈನಲ್ಲಿ ಮೂವರೂ ಒಂದೇ ವಾರದಲ್ಲಿ ಏರಿಸಿದರು. ಹಾಗಾಗಿ ಇವತ್ತಿನ ಆಫರ್ ನೋಡಿ ಕಂಪನಿ ಆರಿಸಬೇಡಿ. ಆ ಆಫರ್ ಮುಗಿದ ಮೇಲೂ ನೀವು ಅಲ್ಲೇ ಇರುತ್ತೀರಿ.

ಮೊದಲು ಅಳತೆಗೋಲು

ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಎರಡೇ: ಎಂಬಿಪಿಎಸ್ (ಸ್ಪೀಡ್‌ನ ಅಳತೆ), ರೂಪಾಯಿ. ನನ್ನ ಪಟ್ಟಿಯಲ್ಲಿ ಇವೆರಡೂ ಕೆಳಗಿವೆ. ನಾನು ಮೊದಲು ಕೇಳುವುದು ಬೇರೆ: ಲೈನ್ ಹೋದ ದಿನ ಯಾರು ಬರುತ್ತಾರೆ?

ಫೈಬರ್ ತೆಳುವಾದ ಗಾಜಿನ ಎಳೆ. ಜೆಸಿಬಿ ಅಗೆದರೆ, ಮರದ ಕೊಂಬೆ ಬಿದ್ದರೆ, ಕಂಬ ಬದಲಿಸುವವರು ಎಳೆದರೆ ತುಂಡಾಗುತ್ತದೆ. ಕಂಪನಿಯವರು ಮನೆಯೊಳಗೆ ಇಟ್ಟ ಬಾಕ್ಸ್‌ನಲ್ಲಿ ಕೆಂಪು ಲೈಟ್ ಹತ್ತುತ್ತದೆ. ಆಮೇಲೆ ಒಬ್ಬ ಮನುಷ್ಯ ತುಂಡಾದ ಎಳೆ ಕೂಡಿಸುವ ಸ್ಪ್ಲೈಸಿಂಗ್ ಮಷೀನ್ ಹಿಡಿದು ಬರಲೇಬೇಕು. ಕಾಲ್ ಸೆಂಟರ್‌ನವರು ಎಷ್ಟು ಸವಿಯಾಗಿ ಮಾತಾಡಿದರೂ ಗಾಜು ಕೂಡುವುದಿಲ್ಲ. ಆ ಮನುಷ್ಯ ನಿಮ್ಮ ಬೀದಿಗೆ ಎಷ್ಟು ಗಂಟೆಯಲ್ಲಿ ಬರುತ್ತಾನೆ ಅನ್ನುವುದು ಕಂಪನಿಯ ಹೆಸರಿನ ಮೇಲಲ್ಲ, ಏರಿಯಾದ ಮೇಲೆ ನಿಂತಿದೆ. ಜಯನಗರದಲ್ಲಿ ಚೆನ್ನಾಗಿರುವ ಕಂಪನಿ ಕೆಂಗೇರಿ ಆಚೆ ಕೆಟ್ಟದಾಗಿರಬಹುದು. ಅದಕ್ಕೇ ನೆಟ್‌ನಲ್ಲಿ ಓದುವ ರಿವ್ಯೂಗಿಂತ ಎದುರು ಮನೆಯವರ ಮಾತು ಮೇಲು. ಅವರನ್ನು "ಹೇಗಿದೆ?" ಅಂತ ಕೇಳಬೇಡಿ. "ಕೊನೆಯ ಸಲ ಲೈನ್ ಹೋದಾಗ ಎಷ್ಟು ದಿನಕ್ಕೆ ಸರಿಯಾಯಿತು?" ಅಂತ ಕೇಳಿ.

ಎರಡನೆಯದು ನಿಜವಾದ ಬಿಲ್. ಜಾಹೀರಾತಿನ ದರಕ್ಕೆ 18% ಜಿಎಸ್‌ಟಿ ಸೇರುತ್ತದೆ. ₹699 ಅಂದರೆ ಕೈಯಿಂದ ಹೋಗುವುದು ಸುಮಾರು ₹825, ವರ್ಷಕ್ಕೆ ಹತ್ತು ಸಾವಿರದ ಹತ್ತಿರ. ₹999ರ ಪ್ಲಾನ್ ₹1,179 ಆಗುತ್ತದೆ. ಎರಡರ ನಡುವಿನ ವ್ಯತ್ಯಾಸ ವರ್ಷಕ್ಕೆ ₹4,248. ಇದಕ್ಕೆ ಸಿಗುವುದು ಒಂದಿಷ್ಟು ಜಾಸ್ತಿ ಸ್ಪೀಡ್, ಜೊತೆಗೆ ಹತ್ತಾರು ಓಟಿಟಿ. ಆ ಓಟಿಟಿಗಳಲ್ಲಿ ನೀವು ನಿಜವಾಗಿ ನೋಡುವುದು ಎಷ್ಟು? ಒಂದೇ ಒಂದಾದರೆ, ಅದನ್ನು ಬೇರೆಯಾಗಿ ಕೊಂಡರೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ ನೋಡಿ.

ಮೂರನೆಯದು ಬಿಡುವ ದಾರಿ. ಮೊಬೈಲ್‌ನಲ್ಲಿ ನಂಬರ್ ಪೋರ್ಟ್ ಮಾಡಬಹುದು, ಮನೆಯ ಬ್ರಾಡ್‌ಬ್ಯಾಂಡ್‌ಗೆ ಅಂಥ ಅನುಕೂಲ ಇಲ್ಲ. ಹಾಕಿಸುವಾಗ ಒಂದು ಫೋನಿಗೆ ಓಡಿ ಬರುವವರು ಬಿಡುತ್ತೇನೆ ಅಂದ ಕೂಡಲೇ ಕೈಗೆ ಸಿಗುವುದಿಲ್ಲ. ನಾನು ಒಮ್ಮೆ ಒಂದು ಕಂಪನಿಯ ಲೈನ್ ಬಿಟ್ಟಾಗ ಅವರ ಬಾಕ್ಸ್ ವಾಪಸ್ ತಗೊಂಡು ಹೋಗಿ ಅಂತ ನಾನೇ ಗೋಗರೆಯಬೇಕಾಯಿತು. ಬಾಕ್ಸ್ ಕೊಟ್ಟಿಲ್ಲ ಅಂತ ಬಿಲ್ ಮಾತ್ರ ಬರುತ್ತಲೇ ಇತ್ತು. ಒಂದು ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಅಳವಡಿಕೆ ಫ್ರೀ ಅನ್ನುತ್ತಾರಲ್ಲ, ಅಲ್ಲಿ ನಿಮ್ಮ ಬಿಡುವ ದಾರಿಯನ್ನೇ ಅವರು ಕೊಂಡುಕೊಳ್ಳುತ್ತಿರುತ್ತಾರೆ.

ನಾಲ್ಕನೆಯದು ಕರೆಂಟ್. ಇದು ಬೆಂಗಳೂರಿನವರಿಗೆ ಅಷ್ಟಾಗಿ ತಟ್ಟುವುದಿಲ್ಲ, ಮಲೆನಾಡಿನವರಿಗೆ ಇದೇ ಮುಖ್ಯ. ಮುಂದೆ ಹೇಳುತ್ತೇನೆ.

ಸ್ಪೀಡ್ ಅನ್ನುವ ಮಾಯೆ

100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಮೆಗಾಬೈಟ್ ಅಲ್ಲ, 100 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ನಿಜವಾಗಿ ಬರುವುದು ಸೆಕೆಂಡಿಗೆ 12.5 ಮೆಗಾಬೈಟ್. ಕಡಿಮೆ ಅನ್ನಿಸಿತಾ? ಬೇಕಾಗುವುದು ಅದಕ್ಕಿಂತಲೂ ಕಡಿಮೆ. ನೆಟ್‌ಫ್ಲಿಕ್ಸ್ ತಾನೇ ಹೇಳುವಂತೆ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆ ಚಿತ್ರಕ್ಕೆ 15 ಎಂಬಿಪಿಎಸ್ ಸಾಕು. ಒಂದು ವಿಡಿಯೋ ಮೀಟಿಂಗ್‌ಗೆ ನಾಲ್ಕು ಎಂಬಿಪಿಎಸ್ ಇದ್ದರೆ ಆರಾಮ. ನಾಲ್ಕು ಜನರ ಮನೆಗೆ 100 ಧಾರಾಳ, ಇಬ್ಬರೇ ಇದ್ದರೆ 40–50ರಲ್ಲೂ ನಡೆಯುತ್ತದೆ. 300, 500, 1 ಜಿಬಿಪಿಎಸ್ (ಅಂದರೆ 1,000 ಎಂಬಿಪಿಎಸ್) ಪ್ಲಾನ್‌ಗಳು ದಿನಾ ದೊಡ್ಡ ವಿಡಿಯೋ ಫೈಲ್ ಕಳಿಸುವವರಿಗೆ ಸರಿ. ಉಳಿದವರಿಗೆ ಸುಮ್ನೆ ದಂಡ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಮನೆಗಳಿಗೆ ಬರುವ ಫೈಬರ್ ಹೆಚ್ಚಾಗಿ ಜಿಪಾನ್ ಅನ್ನುವ ತಂತ್ರಜ್ಞಾನದ್ದು. ಒಂದು ಎಳೆಯಲ್ಲಿ ಸುಮಾರು 2.5 ಜಿಬಿಪಿಎಸ್ ಬರುತ್ತದೆ, ಅದನ್ನು 32 ಅಥವಾ 64 ಮನೆಗೆ ಹಂಚುತ್ತಾರೆ. 64 ಮನೆಯವರೂ ಒಂದೇ ಕ್ಷಣಕ್ಕೆ ಪೂರ್ತಿ ಎಳೆದರೆ ತಲೆಗೆ 40 ಎಂಬಿಪಿಎಸ್ ಕೂಡ ಬರುವುದಿಲ್ಲ. ಅಪಾರ್ಟ್‌ಮೆಂಟ್‌ನ ಓವರ್‌ಹೆಡ್ ಟ್ಯಾಂಕ್ ಇದ್ದ ಹಾಗೆ. ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸುವುದಿಲ್ಲ ಅನ್ನುವ ನಂಬಿಕೆಯ ಮೇಲೆ ನಡೆಯುತ್ತದೆ. ಹೆಚ್ಚಿನ ಸಮಯ ಅದು ನಡೆಯುತ್ತದೆ ಕೂಡ. ಆದರೆ ಕಂಪನಿ ಹೊರಗಡೆಯಿಂದ ಕೊಳ್ಳುವ ಬ್ಯಾಂಡ್‌ವಿಡ್ತ್‌ನಲ್ಲಿ (ಎಲ್ಲರಿಗೂ ಹಂಚುವ ಒಟ್ಟು ಇಂಟರ್ನೆಟ್‌ನಲ್ಲಿ) ಜಿಪುಣತನ ಮಾಡಿದರೆ, ರಾತ್ರಿ ಎಂಟರಿಂದ ಹನ್ನೊಂದರ ತನಕ ಎಲ್ಲ ನಿಧಾನ ಆಗುತ್ತದೆ. ಟ್ರಯಲ್ ನೋಡುವುದಿದ್ದರೆ ಆ ಹೊತ್ತಿನಲ್ಲೇ ನೋಡಿ.

ಸ್ಪೀಡ್‌ಟೆಸ್ಟ್ ಆ್ಯಪ್ ತೋರಿಸಿ "ನೋಡಿ ಸರ್, ಪೂರ್ತಿ ಬರ್ತಿದೆ" ಅನ್ನುತ್ತಾರೆ. ಆ ಆ್ಯಪ್ ಹುಡುಕಿಕೊಳ್ಳುವ ಹತ್ತಿರದ ಸರ್ವರ್ ಎಷ್ಟೋ ಸಲ ಅದೇ ಕಂಪನಿಯ ಒಳಗೇ ಇರುತ್ತದೆ. ಅಲ್ಲಿಗೆ ವೇಗ ಬಂದೇ ಬರುತ್ತದೆ. ಫಾಸ್ಟ್ ಡಾಟ್ ಕಾಮ್ ನೆಟ್‌ಫ್ಲಿಕ್ಸ್‌ನದ್ದು, ಅದರಲ್ಲೂ ಒಮ್ಮೆ ನೋಡಿ. ಎರಡಕ್ಕೂ ಭಾರೀ ವ್ಯತ್ಯಾಸ ಇದ್ದರೆ ಅನುಮಾನಪಡಿ. ಆದರೆ ಕಂಪನಿಯನ್ನು ಬೈಯುವ ಮೊದಲು ನಿಮ್ಮ ವೈಫೈಯನ್ನೂ ನೋಡಿಕೊಳ್ಳಿ. 2.4 ಗಿಗಾಹರ್ಟ್ಸ್ ಅನ್ನುವ ನಿಧಾನದ ವೈಫೈ ಮಾತ್ರ ಇರುವ ಹಳೇ ರೂಟರ್ ಇಟ್ಟುಕೊಂಡು 200ರ ಪ್ಲಾನ್ ಹಾಕಿಸಿದರೆ ದುಡ್ಡು ಗೋಡೆಗೆ ಹೋಗುತ್ತದೆ.

"ಅನ್‌ಲಿಮಿಟೆಡ್" ಅನ್ನುವುದಕ್ಕೂ ಮಿತಿ ಇದೆ. ದೊಡ್ಡ ಕಂಪನಿಗಳ ಫೈಬರ್‌ನಲ್ಲಿ ತಿಂಗಳಿಗೆ ಸುಮಾರು 3,300 ಜಿಬಿ. ಅಂದರೆ ದಿನಕ್ಕೆ 110 ಜಿಬಿ. ಸಾಮಾನ್ಯ ಮನೆಯವರು ಅದರ ಹತ್ತಿರವೂ ಹೋಗುವುದಿಲ್ಲ. ಇದರಲ್ಲಿ ನನಗೆ ತಕರಾರಿಲ್ಲ. ಮಿತಿ ಇರುವುದನ್ನು ಸಣ್ಣ ಅಕ್ಷರದಲ್ಲಿ ಬರೆಯುವುದರಲ್ಲಿ ಇದೆ.

ಜಿಯೋ, ಏರ್‌ಟೆಲ್ ಫೈಬರ್

ಜಿಯೋಫೈಬರ್ 2019ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. 30 ಎಂಬಿಪಿಎಸ್‌ಗೆ ₹399, 100ಕ್ಕೆ ₹699 ಅನ್ನುವ ದರ ಇದರದ್ದು. ಏರ್‌ಟೆಲ್‌ನಲ್ಲಿ 40ಕ್ಕೆ ₹499, 100ಕ್ಕೆ ₹799 ಅನ್ನುವುದು ಬಹಳ ಕಾಲದಿಂದ ಇರುವ ದರ. ಎಲ್ಲದಕ್ಕೂ ಜಿಎಸ್‌ಟಿ ಬೇರೆ. ದರ ಆಗಾಗ ಬದಲಾಗುತ್ತದೆ, ಹಾಕಿಸುವ ದಿನ ಇನ್ನೊಮ್ಮೆ ನೋಡಿಕೊಳ್ಳಿ.

ಇಬ್ಬರ ನಡುವೆ ತಾಂತ್ರಿಕವಾಗಿ ದೊಡ್ಡ ಅಂತರ ಇಲ್ಲ. ಜಿಯೋ ಸ್ವಲ್ಪ ಅಗ್ಗ, ಆದರೆ ಅವರ ಬಾಕ್ಸ್ ಬಿಟ್ಟು ನಿಮ್ಮದೇ ಬಾಕ್ಸ್ ಹಾಕಿಕೊಳ್ಳುತ್ತೇನೆ ಅಂದರೆ ಬಿಡುವುದಿಲ್ಲ. ಬಾಕ್ಸ್‌ನ ಬೀಗದ ಕೈ ದೂರದಿಂದಲೇ ಕಂಪನಿಯ ಕೈಯಲ್ಲಿರುತ್ತದೆ. ಇಂಥದ್ದು ಏನೂ ಅನ್ನಿಸದವರಿಗೆ ಸರಿ. ಅನ್ನಿಸುವವರು ಅದರ ಹಿಂದೆ ತಮ್ಮದೇ ರೂಟರ್ ಒಂದನ್ನು ಇಟ್ಟು ವೈಫೈಯನ್ನು ಅದರಿಂದ ನಡೆಸಿಕೊಳ್ಳಬಹುದು. ನಾನು ಹಾಗೇ ಮಾಡಿದ್ದೇನೆ.

ಇಷ್ಟು ಅನುಮಾನ ಬೇಕಾ ಅಂತ ಕೇಳುವವರಿಗೆ ಹಳೇ ಸುದ್ದಿ ಒಂದು. 2015ರಲ್ಲಿ ಬೆಂಗಳೂರಿನ ಒಬ್ಬ ಪ್ರೋಗ್ರಾಮರ್, ಏರ್‌ಟೆಲ್ 3ಜಿಯಲ್ಲಿ ತಮ್ಮ ವೆಬ್‌ಸೈಟ್ ತೆರೆದಾಗ ತಾವು ಬರೆಯದ ಕೋಡ್ ಅದರೊಳಗೆ ಸೇರಿಕೊಂಡಿರುವುದನ್ನು ಕಂಡರು. ಅದನ್ನು ಸಾಕ್ಷಿ ಸಮೇತ ಬಯಲು ಮಾಡಿದರು. ಅವರಿಗೆ ಬಂದದ್ದು ಥ್ಯಾಂಕ್ಸ್ ಅಲ್ಲ, ಆ ಕೋಡ್ ಮಾಡಿದ ಇಸ್ರೇಲಿನ ಕಂಪನಿಯ ವಕೀಲರ ನೋಟಿಸ್. ಗ್ರಾಹಕರು ಎಷ್ಟು ಡೇಟಾ ಬಳಸುತ್ತಾರೆ ಅಂತ ತಿಳಿಯಲು ಮಾಡಿದ ಪ್ರಯೋಗ ಅದು ಅಂತ ಏರ್‌ಟೆಲ್ ಹೇಳಿತು. ಈಗ ಬಹುತೇಕ ಸೈಟ್‌ಗಳು ಎಚ್‌ಟಿಟಿಪಿಎಸ್ (ನಡುವಿನವರಿಗೆ ಓದಲಾಗದ ಹಾಗೆ ಗುಟ್ಟಾಗಿ ಕಳಿಸುವ ವಿಧಾನ) ಆಗಿರುವುದರಿಂದ ಹಾಗೆ ಒಳಗೆ ತೂರಿಸುವುದು ಕಷ್ಟ. ಕಂಪನಿಗಳು ಒಳ್ಳೆಯವಾದವು ಅಂತಲ್ಲ, ಬಾಗಿಲು ಮುಚ್ಚಿತು ಅಷ್ಟೇ.

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಂಥ ಕಡೆ, ಬಾಡಿಗೆ ಮನೆಯಲ್ಲಿ, ತಲೆಬಿಸಿ ಬೇಡ ಅನ್ನುವವರಿಗೆ ಈ ಎರಡರಲ್ಲಿ ಒಂದು ಸಾಕು. ಯಾವುದು? ನಿಮ್ಮ ಕಟ್ಟಡದ ತನಕ ಫೈಬರ್ ಈಗಾಗಲೇ ಬಂದಿರುವವರದ್ದು.

ಎಸಿಟಿ ಮತ್ತು ನಗರದ ಕಂಪನಿಗಳು

ಎಸಿಟಿ ಬೆಂಗಳೂರಿನದ್ದೇ ಕಂಪನಿ. ಆಟ್ರಿಯಾ ಕನ್ವರ್ಜೆನ್ಸ್ ಅನ್ನುವುದು ಪೂರ್ತಿ ಹೆಸರು. ಜಿಯೋ ಬರುವುದಕ್ಕೂ ಮೊದಲೇ ಬೆಂಗಳೂರಿನ ಬೀದಿಗಳಲ್ಲಿ ಇದರ ಕೇಬಲ್ ಇತ್ತು. ಹಳೇ ಬಡಾವಣೆಗಳಲ್ಲಿ ಜಾಲ ಗಟ್ಟಿಯಾಗಿದೆ ಅನ್ನುವುದು ಇದರ ಬಲ. ಕೊಳ್ಳುವಾಗ ಕೇಳಬೇಕಾದ್ದು ಒಂದೇ: ಅಪ್‌ಲೋಡ್, ಅಂದರೆ ನಿಮ್ಮ ಕಡೆಯಿಂದ ಹೊರಗೆ ಹೋಗುವ ವೇಗ, ಎಷ್ಟು? ಡೌನ್‌ಲೋಡ್‌ನಷ್ಟೇ ಅಪ್‌ಲೋಡ್ ಕೊಡುವುದು ಎಲ್ಲ ಪ್ಲಾನ್‌ಗಳಲ್ಲೂ ಇರುವುದಿಲ್ಲ. ವಿಡಿಯೋ ಮೀಟಿಂಗ್‌ನಲ್ಲಿ ನಿಮ್ಮ ಮುಖ ಕಲ್ಲಾಗಿ ನಿಲ್ಲುವುದು ಅಪ್‌ಲೋಡ್ ಇಲ್ಲದಿದ್ದಾಗ.

ಕೆಲವು ಅಪಾರ್ಟ್‌ಮೆಂಟ್‌ಗಳಲ್ಲಿ ಒಂದೇ ಕಂಪನಿಗೆ ಒಳಗೆ ಪ್ರವೇಶ. ಅಲ್ಲಿ ಹೋಲಿಕೆಯ ಮಾತೇ ಇಲ್ಲ. ಮನೆ ನೋಡುವಾಗ ನೀರು, ಪಾರ್ಕಿಂಗ್ ಕೇಳುವ ಹಾಗೆ ಇದನ್ನೂ ಕೇಳಿ.

ಬಿಎಸ್‌ಎನ್‌ಎಲ್: ಬೈಯುವವರೂ ಬಿಡದ ಲೈನ್

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಯಾಕೆಂದರೆ ಮಲೆನಾಡು, ಕರಾವಳಿಯ ಎಷ್ಟೋ ಊರುಗಳಲ್ಲಿ ಆಯ್ಕೆ ಇರುವುದೇ ಇದೊಂದು.

ಬಿಎಸ್‌ಎನ್‌ಎಲ್ ಅಂದಾಗ ನಮ್ಮ ತಲೆಯಲ್ಲಿರುವ ಚಿತ್ರ ಹಳೆಯದು: ಎಕ್ಸ್‌ಚೇಂಜ್, ಕಂಬ ಹತ್ತುವ ಲೈನ್‌ಮನ್, ತಾಮ್ರದ ತಂತಿ. ಆ ವ್ಯವಸ್ಥೆ ಮುಗಿಯಿತು. 2020ರ ಜನವರಿ 31ಕ್ಕೆ ಸುಮಾರು 78 ಸಾವಿರ ನೌಕರರು ಸ್ವಯಂ ನಿವೃತ್ತಿ ತಗೊಂಡು ಒಟ್ಟಿಗೆ ಹೊರಗೆ ಹೋದರು. ಈಗ ಮನೆಗೆ ಬರುವ ಬಿಎಸ್‌ಎನ್‌ಎಲ್ ಫೈಬರ್ ಬಹುಪಾಲು ಊರಿನ ಪಾರ್ಟ್‌ನರ್‌ಗಳ ಮೂಲಕ ಬರುತ್ತದೆ. ಅವರು ಲೈನ್ ಎಳೆಯುತ್ತಾರೆ, ರಿಪೇರಿ ಮಾಡುತ್ತಾರೆ, ಬಿಲ್‌ನಲ್ಲಿ ಪಾಲು ತಗೊಳ್ಳುತ್ತಾರೆ. ಬಹಳ ಸಲ ಆತ ನಿಮ್ಮ ಹಳೇ ಕೇಬಲ್ ಟಿವಿಯವನೇ.

ಹಾಗಾಗಿ "ಬಿಎಸ್‌ಎನ್‌ಎಲ್ ಹೇಗೆ?" ಅನ್ನುವ ಪ್ರಶ್ನೆಗೆ ಉತ್ತರ ಇಲ್ಲ. "ನಮ್ಮ ಊರಿನ ಪಾರ್ಟ್‌ನರ್ ಹೇಗೆ?" ಅನ್ನುವುದಕ್ಕೆ ಇದೆ. ಹುಡುಗರು ಚುರುಕಾಗಿದ್ದರೆ, ಮಳೆಗಾಲದಲ್ಲೂ ಬೈಕ್ ಹತ್ತಿ ಬರುವವರಾಗಿದ್ದರೆ, ತೀರ್ಥಹಳ್ಳಿಯ ತೋಟದ ಮನೆಯಲ್ಲಿ ಕೂತು ಬೆಂಗಳೂರಿನ ಆಫೀಸ್ ಕೆಲಸ ಮಾಡಬಹುದು. ಮಾಡುತ್ತಿರುವವರು ಬೇಕಾದಷ್ಟು ಜನ ಇದ್ದಾರೆ. ಪಾರ್ಟ್‌ನರ್ ಸೋಮಾರಿಯಾಗಿದ್ದರೆ ಬಿಎಸ್‌ಎನ್‌ಎಲ್ ಆಫೀಸಿಗೆ ಹೋಗಿ ಮೇಜು ಬಡಿದರೂ "ಅವರಿಗೆ ಹೇಳಿದೀವಿ" ಅಂತಾರೆ ಅಷ್ಟೇ.

ದರ ಹಿಡಿತದಲ್ಲಿದೆ. ಐನೂರರ ಒಳಗೆ 50–60 ಎಂಬಿಪಿಎಸ್‌ನ ಪ್ಲಾನ್‌ಗಳಿವೆ. ಓಟಿಟಿ ಹೊರೆ ಹೊರಿಸುವುದಿಲ್ಲ. ಖಾಸಗಿಯವರು ದರ ಏರಿಸಿದ ಕೂಡಲೇ ಇವರೂ ಏರಿಸುವುದಿಲ್ಲ. ಆದರೆ ಇದೂ ಸರ್ಕಾರದ ದುಡ್ಡಿನ ಮೇಲೆ ನಿಂತಿದೆ. 2019, 2022, 2023ರಲ್ಲಿ ಒಂದರ ಮೇಲೊಂದು ಪುನಶ್ಚೇತನ ಪ್ಯಾಕೇಜ್ ಬಂದವು. ಸರ್ಕಾರಿ ಅನ್ನುವ ಕಾರಣಕ್ಕೇ ನಂಬುವುದು, ಖಾಸಗಿ ಅನ್ನುವ ಕಾರಣಕ್ಕೇ ಬೈಯುವುದು ಎರಡೂ ಬೇಡ.

ಕರೆಂಟ್ ವಿಷಯಕ್ಕೆ ಬಂದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಊರುಗಳಲ್ಲಿ ಮನೆಯ ಇನ್ವರ್ಟರ್ ಒಂದೇ ಸಾಲದು. ಪಾರ್ಟ್‌ನರ್‌ನ ಉಪಕರಣ ಇಟ್ಟಿರುವ ಜಾಗದಲ್ಲೂ ಬ್ಯಾಟರಿ ಇರಬೇಕು. ಅಲ್ಲಿ ಬ್ಯಾಕಪ್ ಎಷ್ಟು ಗಂಟೆ, ಜನರೇಟರ್ ಇದೆಯಾ ಅಂತ ಹಾಕಿಸುವ ಮೊದಲೇ ಕೇಳಿ. ಮನೆಯಲ್ಲಿ ರೂಟರ್‌ಗೆ ಸಣ್ಣ 12 ವೋಲ್ಟ್ ಯುಪಿಎಸ್ ಸಾಕು. ಸಿಡಿಲಿನ ವಿಷಯವನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಗಾಜಿನ ಎಳೆ ಸಿಡಿಲನ್ನು ಒಯ್ಯುವುದಿಲ್ಲ ನಿಜ. ಆದರೆ ಬಾಕ್ಸ್‌ಗೆ ಕರೆಂಟ್ ಕೊಡುವ ವೈರಿನಲ್ಲಿ, ಎಳೆಗೆ ಆಸರೆಯಾಗಿ ಹಾಕಿರುವ ಉಕ್ಕಿನ ತಂತಿಯಲ್ಲಿ ಬರಬಹುದು. ಗುಡುಗು ಶುರುವಾದ ಕೂಡಲೇ ಪ್ಲಗ್ ಕಿತ್ತಿಡಿ.

ಊರಿನ ಕೇಬಲ್‌ನವರು

ಅಗ್ಗ. ಪರಿಚಯದವರು. ರಾತ್ರಿ ಹತ್ತಕ್ಕೆ ಫೋನ್ ಮಾಡಿದರೂ "ಬರ್ತೀನಿ ಅಣ್ಣ" ಅಂತಾರೆ. ರಿಪೇರಿ ವಿಷಯದಲ್ಲಿ ನೂರಕ್ಕೆ ನೂರು ಕೊಡಬೇಕಾದವರು ಇವರಲ್ಲೇ ಇದ್ದಾರೆ. ತೊಂದರೆ ಇರುವುದು ಸಂಜೆಯ ದಟ್ಟಣೆಯಲ್ಲಿ, ಬಿಲ್ ಇಲ್ಲದ ವ್ಯವಹಾರದಲ್ಲಿ. ಬಿಲ್ ಇಲ್ಲದೆ ನಗದು ಕೊಟ್ಟರೆ ನಾಳೆ ದೂರು ಕೊಡಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಆಫೀಸಿನಿಂದ ಇಂಟರ್ನೆಟ್ ಹಣ ವಾಪಸ್ ಪಡೆಯುವವರಿಗೂ ಜಿಎಸ್‌ಟಿ ಬಿಲ್ ಬೇಕು. ತಿಂಗಳು ತಿಂಗಳು ಕಟ್ಟುವ ಹಾಗಿದ್ದರೆ ಧೈರ್ಯವಾಗಿ ಹಾಕಿಸಿ, ವರ್ಷದ್ದು ಒಟ್ಟಿಗೆ ಮಾತ್ರ ಕೊಡಬೇಡಿ.

ಏರ್‌ಫೈಬರ್: ಹೆಸರಲ್ಲಿ ಮಾತ್ರ ಫೈಬರ್

2023ರ ಗಣೇಶ ಚತುರ್ಥಿಯ ದಿನ ಜಿಯೋ ಇದನ್ನು ಬೆಂಗಳೂರು ಸೇರಿ ಎಂಟು ನಗರಗಳಲ್ಲಿ ಶುರು ಮಾಡಿತು. ಏರ್‌ಟೆಲ್ ಅದಕ್ಕೂ ಮುಂಚಿನ ತಿಂಗಳು ದೆಹಲಿ, ಮುಂಬೈಯಲ್ಲಿ ತಂದಿತ್ತು. ಮನೆಯ ತನಕ ಗಾಜಿನ ಎಳೆ ಬರುವುದಿಲ್ಲ. ಟವರ್‌ನಿಂದ 5ಜಿ ಸಿಗ್ನಲ್ ಹಿಡಿದು ಒಳಗೆ ವೈಫೈ ಕೊಡುತ್ತದೆ. ಅದೇ ಟವರನ್ನು ಸುತ್ತಲಿನ ಮೊಬೈಲ್‌ಗಳೂ ಬಳಸುತ್ತವೆ. ಡೇಟಾ ಮಿತಿಯೂ ಫೈಬರ್‌ಗಿಂತ ಕಡಿಮೆ: ತಿಂಗಳಿಗೆ 1,000 ಜಿಬಿ. 5ಜಿಯಲ್ಲಿ ಹೆಚ್ಚಿನ ಪಾಲು ಡೌನ್‌ಲೋಡ್‌ಗೆ ಮೀಸಲಾಗಿರುವುದರಿಂದ ಅಪ್‌ಲೋಡ್ ಸಣ್ಣದು.

ಅದಕ್ಕೇ ಕೆಲಸದ ಮೀಟಿಂಗ್‌ಗೆ ಇದೊಂದನ್ನೇ ನೆಚ್ಚಿಕೊಳ್ಳಬೇಡಿ ಅನ್ನುತ್ತೇನೆ. ಫೈಬರ್ ಬಾರದ ಹೊಸ ಲೇಔಟ್, ಪಟ್ಟಣದ ಅಂಚಿನ ಮನೆ, ಟಿವಿ ನೋಡುವುದೇ ಮುಖ್ಯವಾದ ಹಿರಿಯರ ಮನೆ, ಇಂಥ ಕಡೆ ಒಳ್ಳೆಯ ಆಯ್ಕೆ. ಬೀದಿ ಅಗೆದರೂ ಲೈನ್ ಹೋಗುವುದಿಲ್ಲ ಅನ್ನುವ ಲಾಭ ಇದೆ. ಹಾಕಿಸುವ ಮೊದಲು ಅದೇ ಕಂಪನಿಯ 5ಜಿ ಸಿಮ್ ಇರುವ ಫೋನ್ ಹಿಡಿದು ಟೆರೇಸ್ ಮೇಲೆ ರಾತ್ರಿ ಒಂಬತ್ತಕ್ಕೆ ಪರೀಕ್ಷೆ ಮಾಡಿ.

ಉಪಗ್ರಹದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿತು. ಅದು ಬರಲಿ ಅಂತ ಈಗಿನ ಲೈನ್ ಹಾಕಿಸದೆ ಕೂರಬೇಡಿ. ಉಪಗ್ರಹದ ಇಂಟರ್ನೆಟ್ ಬೇಕಾದ್ದು ಬೇರೆ ದಾರಿಯೇ ಇಲ್ಲದ ಕಾಡಿನಂಚಿನ ಮನೆಗಳಿಗೆ. ಜೇಬಿಗೆ ಅದು ಹಗುರ ಆಗುತ್ತದೆ ಅನ್ನುವ ನಂಬಿಕೆ ನನಗಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಮನೆಯಿಂದ ಕೆಲಸ, ಲೈನ್ ಹೋದರೆ ಸಂಬಳಕ್ಕೇ ತೊಂದರೆ ಅನ್ನುವವರು ಒಂದೇ ದುಬಾರಿ ಲೈನ್ ಹಾಕಿಸಬೇಡಿ. ದುಬಾರಿಯ ಒಂದು ಪ್ಲಾನ್ ಬದಲು ಕಡಿಮೆ ದರದ ಎರಡು ಹಾಕಿಸಿ. ಎರಡೂ ಬೇರೆ ಬೇರೆ ಥರದ್ದಾಗಿರಲಿ. ಒಂದು ಫೈಬರ್, ಇನ್ನೊಂದು ಏರ್‌ಫೈಬರ್ ಅಥವಾ ಬೇರೆ ಕಂಪನಿಯ ಮೊಬೈಲ್ ಹಾಟ್‌ಸ್ಪಾಟ್. ಒಂದೇ ಕಂಬದ ಮೇಲೆ ಬರುವ ಎರಡು ಫೈಬರ್ ಹಾಕಿಸಿದರೆ ಮರ ಬಿದ್ದಾಗ ಎರಡೂ ಒಟ್ಟಿಗೇ ಹೋಗುತ್ತವೆ.

ಪಿಜಿಯಲ್ಲಿರುವ, ಒಬ್ಬರೇ ಇರುವ ಹುಡುಗ ಹುಡುಗಿಯರಿಗೆ ಮೊಬೈಲ್ ಡೇಟಾ ಸಾಕಾಗಬಹುದು. ಕಳೆದ ತಿಂಗಳು ಎಷ್ಟು ಜಿಬಿ ಖರ್ಚಾಯಿತು ಅಂತ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಇರುತ್ತದೆ, ನೋಡಿಕೊಳ್ಳಿ.

ಊರಿನ ಅಪ್ಪ ಅಮ್ಮನಿಗಾದರೆ ನೀವು ಬೆಂಗಳೂರಿನಲ್ಲೋ ದುಬೈಯಲ್ಲೋ ಕೂತು ಆ್ಯಪ್‌ನಲ್ಲಿ ದೂರು ಕೊಡುವ ಹಾಗಿರಬಾರದು. ಅವರೇ ಫೋನ್ ಮಾಡಿ ಕನ್ನಡದಲ್ಲಿ ಮಾತಾಡಬಲ್ಲ ಊರಿನವರ ಲೈನ್ ಹಾಕಿಸಿ, ಸ್ಪೀಡ್ ಕಡಿಮೆ ಇದ್ದರೂ ಪರವಾಗಿಲ್ಲ. ದೂರದಿಂದ ಸಿಸಿಟಿವಿ ನೋಡುವ ಆಸೆ ಇದ್ದರೆ ಕ್ಯಾಮೆರಾದ ಆ್ಯಪ್ ಮೂಲಕವೇ ನೋಡುವಂಥದ್ದು ತಗೊಳ್ಳಿ. ಈಗ ಹೆಚ್ಚಿನ ಕಂಪನಿಗಳು ಮನೆಮನೆಗೆ ಬೇರೆ ಐಪಿ (ಇಂಟರ್ನೆಟ್‌ನಲ್ಲಿನ ವಿಳಾಸ) ಕೊಡುವುದಿಲ್ಲ, ಹತ್ತಾರು ಮನೆಗೆ ಒಂದನ್ನೇ ಹಂಚುತ್ತವೆ. ಹಾಗಾಗಿ ಹೊರಗಿನಿಂದ ನೇರವಾಗಿ ಮನೆಯ ಕ್ಯಾಮೆರಾಗೆ ದಾರಿ ಮಾಡುವ ಹಳೇ ಕಾಲದ ಪೋರ್ಟ್ ಫಾರ್ವರ್ಡಿಂಗ್ ನಡೆಯುವುದಿಲ್ಲ.

ಜಗಳಕ್ಕೆ ಬಿದ್ದರೆ

ಟ್ರಾಯ್‌ಗೆ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ) ಬರೆಯುತ್ತೇನೆ ಅಂತ ಹೆದರಿಸುವವರಿದ್ದಾರೆ. ಟ್ರಾಯ್ ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ. ಮೊದಲು ಕಂಪನಿಯಲ್ಲಿ ದೂರು ಕೊಟ್ಟು ನಂಬರ್ ಪಡೆಯಿರಿ. ಆ ನಂಬರ್ ಇಲ್ಲದ ದೂರು ದೂರೇ ಅಲ್ಲ. ಅಲ್ಲಿ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಅದರ ವಿಳಾಸವನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿರಲೇಬೇಕು, ಎಷ್ಟೇ ಮೂಲೆಯಲ್ಲಾದರೂ. ಆಮೇಲೆ ದೂರಸಂಪರ್ಕ ಇಲಾಖೆಯ ಸಾರ್ವಜನಿಕ ದೂರು ಪೋರ್ಟಲ್. ಗ್ರಾಹಕರ ಆಯೋಗದ ದಾರಿಯೂ ತೆರೆದಿದೆ. ದೂರಸಂಪರ್ಕದ ದೂರುಗಳು ಅಲ್ಲಿಗೆ ಬರುವಂತಿಲ್ಲ ಅಂತ ಕಂಪನಿಗಳು ಬಹಳ ವರ್ಷ ವಾದಿಸುತ್ತಿದ್ದವು, 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು.

ಲೈನ್ ಬದಲಿಸುವಾಗ ಹೊಸದು ಬಂದು ಒಂದು ವಾರ ಓಡಿದ ಮೇಲೆ ಹಳೆಯದನ್ನು ಬಿಡಿ. ಬಿಡುವ ಕೋರಿಕೆಯನ್ನು ಇಮೇಲ್‌ನಲ್ಲೇ ಕಳಿಸಿ, ಆಟೋ ಪೇ ಇದ್ದರೆ ಬ್ಯಾಂಕಿನಲ್ಲೇ ನಿಲ್ಲಿಸಿ. ಬಾಕ್ಸ್ ಒಯ್ಯಲು ಬಂದ ಹುಡುಗನ ಹತ್ತಿರ ಸೀರಿಯಲ್ ನಂಬರ್ ಬರೆದ ರಸೀದಿ ತಗೊಳ್ಳಿ. ರಸೀದಿ ಇಲ್ಲ ಅಂದರೆ ಬಾಕ್ಸ್‌ನ ಫೋಟೋ ಹೊಡೆದು, ಇಂಥ ದಿನ ಒಯ್ದರು ಅಂತ ಕಂಪನಿಗೆ ಅವತ್ತೇ ಒಂದು ಮೇಲ್ ಹಾಕಿ.